ಹಳೆಯ ಕನ್ಸೋಲ್, ಹೊಸ ಆಟ
ಗೇಮ್ ಕನ್ಸೋಲ್‌ಗೆ ವಯಸ್ಸಾದರೆ ಆಟದ ಸೊಗಸೂ ಮುಗಿಯಿತು ಎನ್ನುವವರು ನಿಂಟೆಂಡೊ ಸ್ವಿಚ್ ಕಡೆ ನೋಡಬೇಕು. 2017ರಲ್ಲಿ ಬಂದಾಗಲೇ ಅದರ ಚಿಪ್ ಹೊಸದಾಗಿರಲಿಲ್ಲ. ಆರು ವರ್ಷಗಳ ಬಳಿಕ, 2023ರ ಮೇ ತಿಂಗಳಲ್ಲಿ, ಅದೇ ಯಂತ್ರಕ್ಕೆ ಬಂದ ಜೆಲ್ಡಾ ಸರಣಿಯ ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು. ಸ್ವಿಚ್‌ನಲ್ಲಿ ಅದು ಓಡುವುದು ಸೆಕೆಂಡಿಗೆ 30 ಫ್ರೇಮ್ ವೇಗದಲ್ಲಿ. ಪರದೆಯ ಮೇಲೆ ಗದ್ದಲ ಹೆಚ್ಚಾದರೆ ಅದೂ ಇಳಿಯುತ್ತದೆ. ಆದರೆ ಆಟದೊಳಗೆ ದಿಮ್ಮಿಗಳನ್ನು ಒಂದಕ್ಕೊಂದು ಅಂಟಿಸಿ, ಹಿಂದೆ ಫ್ಯಾನ್ ಜೋಡಿಸಿ, ನಾವೇ ಕಟ್ಟಿದ ತೆಪ್ಪ ಹೊಳೆ ದಾಟುವಾಗ ದೂರದ ಮರ ಮಸುಕಾಗಿದೆಯೆಂದು ಯಾರು ಕೊರಗುತ್ತಾರೆ? ಹಾಗೆಂದು ಯಂತ್ರದ ಕಸುವು ಲೆಕ್ಕಕ್ಕೇ ಇಲ್ಲ ಎನ್ನಲಾಗದು. 2020ರ ಡಿಸೆಂಬರ್‌ನಲ್ಲಿ ಬಂದ ‘ಸೈಬರ್‌ಪಂಕ್ 2077’, ಏಳು ವರ್ಷ ಹಳೆಯ ಪ್ಲೇಸ್ಟೇಷನ್ 4ರಲ್ಲಿ ತಡವರಿಸಿ, ಪದೇ ಪದೇ ನಿಂತುಹೋಗಿ, ಕೊನೆಗೆ ಸೋನಿಯ ಆನ್‌ಲೈನ್ ಅಂಗಡಿಯಿಂದ ತಿಂಗಳುಗಟ್ಟಲೆ ಹೊರಗುಳಿಯಿತು. ಜೆಲ್ಡಾವನ್ನು ಸ್ವಿಚ್‌ನ ಶಕ್ತಿ ಅಳೆದೇ ಕಟ್ಟಿದ್ದರು. ಸೈಬರ್‌ಪಂಕನ್ನು ಪ್ರಬಲ ಕಂಪ್ಯೂಟರ್‌ಗಳಲ್ಲಿ ಮೆರೆಯಲೆಂದು ಕಟ್ಟಿ ಹಳೆಯ ಯಂತ್ರಕ್ಕೆ ಇಳಿಸಿದ್ದರು. ಹಳೆಯ ಯಂತ್ರದಲ್ಲೂ ಗುಂಡಿ ಒತ್ತಿದ ಕೂಡಲೇ ಪಾತ್ರ ಸ್ಪಂದಿಸಬೇಕು. ಅಷ್ಟು ಸಿಕ್ಕರೆ ಚಿತ್ರದ ನಯ ತುಸು ಕಡಿಮೆಯಾದರೂ ನಡೆದೀತು. ಹಳೆಯ ಕನ್ಸೋಲ್ ಇಟ್ಟುಕೊಂಡವರೂ ಪೂರ್ತಿ ಬೆಲೆ ತೆತ್ತೇ ಆಟ ಕೊಳ್ಳುತ್ತಾರೆ, ಅವರಿಗೆ ಇಷ್ಟಾದರೂ ಸಲ್ಲಲೇಬೇಕು.