ಸಂಧಿವಾತದ ಔಷಧಗಳು: ಯಾವುದಕ್ಕೆ ಅಂಜಬೇಕು?

ದೇಹದ ರಕ್ಷಣಾಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತದಲ್ಲಿ, ಬೆಳಗಾಗೆದ್ದು ತಾಸು ಕಳೆದರೂ ಬೆರಳುಗಳು ಮಡಿಯಲೊಲ್ಲವು. ಚಿಕಿತ್ಸೆಯಿಲ್ಲದೆ ವರ್ಷಗಳು ಉರುಳಿದರೆ ಎಲುಬೇ ಸವೆದು ಕೈ ಸೊಟ್ಟಗಾಗುವುದು. ಇಂತಹ ವ್ಯಾಧಿಯ ಮದ್ದುಗಳ ವಿಷಯದಲ್ಲಿ ನಮ್ಮ ಜನರ ಭಯವೂ ನಂಬಿಕೆಯೂ ಅಸ್ಥಾನದಲ್ಲಿ ನೆಲೆಸಿವೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯನು, ಸಂಧಿವಾತದಿಂದ ನಡೆಯಲಾರದಂತಾಗಿದ್ದ ತರುಣಿಯೊಬ್ಬಳಿಗೆ ಕಾರ್ಟಿಸೋನ್ ಕೊಟ್ಟಾಗ, ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. 1950ರಲ್ಲಿ ಹೆಂಚನಿಗೆ ನೊಬೆಲ್ ಪಾರಿತೋಷಿಕದ ಪಾಲು ದೊರೆಯಿತು. ಆದರೆ ಮದ್ದು ನಿಂತೊಡನೆ ನೋವು ಮರಳುವುದೆಂದೂ, ಮುಂದುವರಿಸಿದರೆ ಮುಖ ಊದಿ, ಎಲುಬು ಟೊಳ್ಳಾಗಿ, ಸಕ್ಕರೆಯೇರುವುದೆಂದೂ ತಿಳಿಯಲು ಹೆಚ್ಚು ಕಾಲ ಹಿಡಿಯಲಿಲ್ಲ. ಇಂದಿಗೂ ಈ ವರ್ಗದ ಸ್ಟೀರಾಯ್ಡನ್ನೇ, ಥಟ್ಟನೆ ಸುಖ ಕೊಡುತ್ತದೆಂಬ ಒಂದೇ ಕಾರಣಕ್ಕೆ, ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುವವರುಂಟು. ಅವರೇ, ಇದೇ ವ್ಯಾಧಿಗೆ ಬರೆಯುವ ಮೆಥೊಟ್ರೆಕ್ಸೇಟ್ ಎಂದರೆ 'ಅದು ಕ್ಯಾನ್ಸರಿನ ಮಾತ್ರೆ' ಎಂದು ಬೆಚ್ಚುವರು. ಕ್ಯಾನ್ಸರಿಗೆ ಕೊಡುವ ಪ್ರಮಾಣವೇ ಬೇರೆ. ಇಲ್ಲಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ. ವಾಕರಿಕೆ, ಬಾಯಿಹುಣ್ಣು, ಯಕೃತ್ತಿನ ಪೀಡೆ, ರಕ್ತಕಣಗಳ ಇಳಿತ ಇವೆಲ್ಲ ಸಂಭವವೇ, ಗರ್ಭಿಣಿಯರಿಗಂತೂ ಸರ್ವಥಾ ವರ್ಜ್ಯ; ಆದರೆ ಫೋಲಿಕ್ ಆಮ್ಲದಿಂದಲೂ ಕಾಲಕಾಲಕ್ಕೆ ಮಾಡಿಸುವ ರಕ್ತಪರೀಕ್ಷೆಯಿಂದಲೂ ಬಹುಮಟ್ಟಿಗೆ ಹತೋಟಿಗೆ ಬರುವ ದೋಷಗಳಿವು, ಮತ್ತು ಕೀಲು ಸವೆಯುವುದನ್ನು ತಡೆಯುವ ಗುಣ ಇದಕ್ಕುಂಟು.

ಬೆಲೆ ಏರಿದಷ್ಟೂ ಗುಣವೇರುವುದೆಂಬ ನಂಬಿಕೆಯೂ ಇಂತಹುದೇ. ಮೆಥೊಟ್ರೆಕ್ಸೇಟ್ ಒಂದರಿಂದಲೇ ಸಾಕಷ್ಟು ಗುಣ ಕಾಣದವರಲ್ಲಿ, ಅದಕ್ಕೆ ಸಲ್ಫಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬೆರಡು ಹಳೆಯ ಅಗ್ಗದ ಮದ್ದುಗಳನ್ನು ಕೂಡಿಸಿ ಆರಂಭಿಸುವ ಕ್ರಮವು, ದುಬಾರಿ ಎಟನರ್ಸೆಪ್ಟ್ ಚುಚ್ಚುಮದ್ದನ್ನು ಕೂಡಿಸುವ ಕ್ರಮಕ್ಕಿಂತ ಕೀಳಲ್ಲವೆಂದು 2013ರಲ್ಲಿ ಪ್ರಕಟವಾದ, 353 ರೋಗಿಗಳ ಪರೀಕ್ಷೆಯೊಂದು ತೋರಿಸಿತು. ಚುಚ್ಚುಮದ್ದುಗಳಿಂದಲೇ ಬದುಕು ಮರಳಿ ಪಡೆದವರು ಅನೇಕರಿದ್ದಾರೆ, ನಿಜ. ಆದರೆ ಆ ವರ್ಗದ ಮದ್ದುಗಳು ಮೈಯೊಳಗೆ ಮಲಗಿದ ಕ್ಷಯವನ್ನು ಎಬ್ಬಿಸಬಲ್ಲವಾದುದರಿಂದ, ಕ್ಷಯ ಇಷ್ಟು ಹರಡಿರುವ ನಮ್ಮ ದೇಶದಲ್ಲಿ ಮುನ್ಪರೀಕ್ಷೆಯಿಲ್ಲದೆ ಅವನ್ನು ಕೊಡಲಾಗದು. ಈಚಿನ ಟೊಫಾಸಿಟಿನಿಬ್ ಮಾತ್ರೆಯನ್ನು ಈ ಚುಚ್ಚುಮದ್ದುಗಳೊಡನೆ ಹೋಲಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 50 ತುಂಬಿದ, ಹೃದ್ರೋಗದ ಅಪಾಯವಿದ್ದ ರೋಗಿಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳಂತಹ ಅವಘಡಗಳು ಮಾತ್ರೆ ನುಂಗಿದವರಲ್ಲಿ ನೂರಕ್ಕೆ 2.5ರ ಬದಲು 3.4 ಮಂದಿಗೆ, ಕ್ಯಾನ್ಸರ್ 2.9ರ ಬದಲು 4.2 ಮಂದಿಗೆ ಕಂಡವು. ಅಂತರವು ಕಿರಿದು; ಆದರೂ ಧೂಮಪಾನಿಯಾದ ವೃದ್ಧನಿಗೆ ಮಾತ್ರೆ ಬರೆಯುವ ಮುನ್ನ ನೆನೆಯಬೇಕಾದಷ್ಟು ಹಿರಿದು.

ಇನ್ನು, ಮೆಥೊಟ್ರೆಕ್ಸೇಟಿನಲ್ಲಿ ನಿಜಕ್ಕೂ ಅಂಜಬೇಕಾದುದೊಂದಿದೆ: ವಾರಕ್ಕೊಮ್ಮೆ ನುಂಗಬೇಕಾದುದನ್ನು ತಿಳಿಯದೆ ದಿನವೂ ನುಂಗಿ, ಬಾಯೆಲ್ಲ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣವನ್ನೇ ನೀಗಿದವರುಂಟು. ಇಂಗ್ಲಿಷಿನಲ್ಲಿ ಗೀಚಿದ ಚೀಟಿಯನ್ನು ಹಿಡಿದು ಹಳ್ಳಿಗೆ ಮರಳುವ ವೃದ್ಧೆಗೆ ಇದು ಹೇಗೆ ತಿಳಿಯಬೇಕು? ವೈದ್ಯರು ಚೀಟಿಯ ಮೇಲೆ 'ಭಾನುವಾರ ಮಾತ್ರ' ಎಂದು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆಯಲಿ. ಅಂಗಡಿಯವರು ಒಂದು ತಿಂಗಳಿಗೆ ಸಲ್ಲುವುದಕ್ಕಿಂತ ಹೆಚ್ಚು ಮಾತ್ರೆಗಳನ್ನು ಕೊಡದೆ, ವಾರದ ಯಾವ ದಿನ ನುಂಗುವಿರೆಂದು ಆಕೆಯ ಬಾಯಿಂದಲೇ ಹೇಳಿಸಿ ಪೊಟ್ಟಣ ಕಟ್ಟಲಿ.