ಗೊರಬು ಅಂದ್ರೆ ಛತ್ರಿ ಅಲ್ಲ ಸ್ವಾಮಿ!

“ಕುವೆಂಪು ಕಾದಂಬರಿ ಶುರು ಮಾಡ್ದೆ ಕಣ್ರೀ, ಮೂವತ್ತು ಪುಟ ದಾಟೋಕಾಗ್ಲಿಲ್ಲ. ಅದೇನ್ ಪದಗಳೋ ಏನೋ.. ಇದನ್ನೆಲ್ಲ ಈಗಿನ ಕನ್ನಡಕ್ಕೆ ತಂದು ಯಾರಾದ್ರೂ ಮತ್ತೆ ಅಚ್ಚು ಹಾಕಬಾರ್ದಾ?”

ಈ ಮಾತನ್ನು ಇತ್ತೀಚೆಗೆ ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕನ್ನಡ ಬಾರದವರಲ್ಲ. ಚೆನ್ನಾಗಿ ಓದುವವರು, ಬರೆಯುವವರು. ಅದಕ್ಕೇ ಹೊಟ್ಟೆ ಉರಿಯುವುದು. ಓದದವರು ಹೇಳಿದ್ದರೆ ನಕ್ಕು ಸುಮ್ಮನಾಗಬಹುದಿತ್ತು.

ನಾನು ಬಯಲುಸೀಮೆಯವನು. ನಮ್ಮ ಕಡೆ ಮಳೆ ಬಂದರೆ ಹಬ್ಬ. ಮಳೆಗೆ ಅಂತ ಬೇರೆ ಬಟ್ಟೆಬರೆ ಇಟ್ಟುಕೊಳ್ಳುವಷ್ಟು ಅದು ಯಾವತ್ತೂ ಸುರಿದದ್ದಿಲ್ಲ. ಅಂಥವನು ‘ಮಲೆಗಳಲ್ಲಿ ಮದುಮಗಳು’ ಹಿಡಿದು ಕೂತರೆ ಏನಾಗುತ್ತೆ ಹೇಳಿ? ಕಂಬಳಿಕೊಪ್ಪೆ, ಗೊರಬು, ಸಂಕ, ಹಳು, ಹಡ್ಯ, ದರಗು, ಬಗನಿ, ಕೆಳಗರಡಿ, ಮುಂಡಿಗೆ.. ಒಂದಾದರೂ ನಮ್ಮೂರಿನ ಬಾಯಲ್ಲಿ ಬಂದದ್ದಲ್ಲ. ಆದರೂ ಪುಸ್ತಕ ಮುಗಿಯುವ ಹೊತ್ತಿಗೆ ಅಷ್ಟೂ ನನ್ನವಾಗಿದ್ದವು. ಯಾರೂ ಸರಳ ಮಾಡಿ ಕೊಟ್ಟಿರಲಿಲ್ಲ. ಹಾಗಾಗಿ “ಆಗಲ್ಲ” ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಮೊದಲು ಈ ‘ಸರಳ ಮಾಡಿ’ ಅನ್ನುವವರ ವಿಚಾರಕ್ಕೇ ಬರೋಣ. ಗೊರಬು ಅನ್ನುವುದನ್ನು ಏನಂತ ಸರಳ ಮಾಡುತ್ತೀರಿ? ಛತ್ರಿ ಅಂತಲಾ? ಛತ್ರಿ ಹಿಡಿಯೋಕೆ ಒಂದು ಕೈ ಬೇಕು ಸ್ವಾಮಿ. ಗೊರಬು ಅಂದರೆ ಬಿದಿರಿನ ಸೀಳಿನಲ್ಲಿ ಹೆಣೆದು, ಎಲೆ ಕೂರಿಸಿ, ತಲೆಯಿಂದ ಬೆನ್ನಿನ ತನಕ ಇಳಿಬಿಟ್ಟುಕೊಳ್ಳುವ ಹೊದಿಕೆ. ಸುರಿಯುವ ಮಳೆಯಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುವವಳಿಗೆ ಎರಡು ಕೈಯೂ ಬೇಕು, ಬೆನ್ನೂ ನೆನೆಯಬಾರದು. ಆ ಒಂದು ಪದದಲ್ಲಿ ಆ ಊರಿನ ಮಳೆ ಇದೆ, ಗದ್ದೆ ಇದೆ, ಬಗ್ಗಿದ ಬೆನ್ನಿದೆ. ‘ಛತ್ರಿ’ ಅಂತ ಬದಲಾಯಿಸಿದ ತಕ್ಷಣ ಆಕೆ ಕೆಲಸ ಬಿಟ್ಟು ಗದ್ದೆಯಂಚಿನಲ್ಲಿ ನಿಂತುಬಿಡುತ್ತಾಳೆ! ಇದು ಸರಳ ಮಾಡಿದ್ದಲ್ಲ, ಸುಳ್ಳು ಮಾಡಿದ್ದು.

ಇದು ಬರೀ ಮಳೆ ವಿಷಯವಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ‘ಜೀತ’ ಅನ್ನುವ ಪದ ತಗೊಳ್ಳಿ. ಗುತ್ತಿ ಸಿಂಬಾವಿ ಹೆಗ್ಗಡೆಯವರ ಹೊಲೆಯಾಳು. ಬೆಟ್ಟಳ್ಳಿಯ ತಿಮ್ಮಿಯ ಮೇಲೆ ಅವನಿಗೆ ಮನಸ್ಸು. ಆದರೆ ಮದುವೆ ಅವರಿಬ್ಬರ ಇಷ್ಟಕ್ಕೆ ಬಿಟ್ಟದ್ದಲ್ಲ, ಒಡೆಯರ ಲೆಕ್ಕಾಚಾರ ಅಡ್ಡ ಬರುತ್ತದೆ. ತಿಮ್ಮಿ ಹೋದರೆ ಒಂದು ಕೇರಿಯಿಂದ ದುಡಿಯುವ ಎರಡು ಕೈ ಹೋದಂತೆ. ಈಗ ‘ಜೀತದಾಳು’ ತೆಗೆದು ಹಿತವಾಗಿ ‘ಕೂಲಿ ಕಾರ್ಮಿಕ’ ಅಂತ ಹಾಕಿ ನೋಡಿ. ಕೂಲಿಯವನು ಬೇಡ ಅನ್ನಿಸಿದರೆ ಇನ್ನೊಂದು ಕಡೆ ಹೋಗಬಹುದು. ಗುತ್ತಿ ಹಾಗೆ ಹೋಗುವಂತಿದ್ದರೆ ಆ ಕಥೆಯೇ ಇರುತ್ತಿರಲಿಲ್ಲವಲ್ಲ! ಜೀತ ನಿಷೇಧಿಸುವ ಕಾನೂನು ಈ ದೇಶದಲ್ಲಿ ಬಂದದ್ದು 1976ರಲ್ಲಿ. ಕಾದಂಬರಿ ಅಚ್ಚಾದದ್ದು 1967ರಲ್ಲಿ. ಅಂದರೆ ಕುವೆಂಪು ಆ ಪದ ಬರೆದಾಗ ಅದು ಹಳೆಯ ಪದವೂ ಆಗಿರಲಿಲ್ಲ, ನಮ್ಮ ಅಪ್ಪಂದಿರ ಕಾಲದ ನಿಜವಾಗಿತ್ತು. ಇಂಥ ಪದಗಳನ್ನು ನುಣ್ಣಗೆ ಮಾಡಿದರೆ ಯಾರಿಗೆ ಅನುಕೂಲ? ಓದುಗನಿಗಂತೂ ಅಲ್ಲ. ತಮ್ಮ ಅಜ್ಜನ ಜಗಲಿಯ ಕೆಳಗೆ ಯಾರು ನಿಂತಿದ್ದರು ಅಂತ ಮರೆಯಲು ಬಯಸುವವರಿಗೆ.

ಇನ್ನೊಂದು ವಾದವಿದೆ. “ಈಗಿನ ಮಕ್ಕಳಿಗೆ ಗೊತ್ತಿಲ್ಲದ ಪದ ಕಂಡರೆ ಪುಸ್ತಕ ಮುಚ್ಚಿಬಿಡ್ತಾರೆ.” ಹೌದಾ? ಹಾಗಾದರೆ ಹ್ಯಾರಿ ಪಾಟರ್ ಹೇಗೆ ಓದಿದರು? ಮಗಲ್, ಕ್ವಿಡಿಚ್, ಹಾರ್‌ಕ್ರಕ್ಸ್.. ಇವು ಯಾವ ಊರಿನ ಯಾವ ನಿಘಂಟಿನಲ್ಲಿದ್ದವು? ಒಬ್ಬ ಲೇಖಕಿ ಹುಟ್ಟಿಸಿದ ಪದಗಳವು. ಹನ್ನೊಂದು ವರ್ಷದ ಮಕ್ಕಳು ಅರ್ಥಕೋಶವಿಲ್ಲದೆ, ಮೇಷ್ಟ್ರಿಲ್ಲದೆ, ಬರೀ ಕಥೆಯ ಹಿಂದೆ ಓಡುತ್ತ ಅವನ್ನೆಲ್ಲ ಕಲಿತರು. ನಾವಾದರೂ ಅಷ್ಟೇ. ಥಾಮಸ್ ಹಾರ್ಡಿಯ ಹಳ್ಳಿಗರ ಇಂಗ್ಲಿಷನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ “ಆಹಾ” ಅಂದವರು. ಅಲ್ಲಿ ಗೊತ್ತಿಲ್ಲದ ಪದ ಬಂದರೆ ನಮ್ಮ ಅಜ್ಞಾನ, ಇಲ್ಲಿ ಬಂದರೆ ಲೇಖಕನ ತಪ್ಪು! ಇದ್ಯಾವ ನ್ಯಾಯ ಹೇಳಿ?

ಪದ ಕಲಿಯುವುದು ಹೇಗೆ ಅಂತ ಅದೇ ಕಾದಂಬರಿ ತೋರಿಸಿಕೊಡುತ್ತದೆ. ಆ ಕಾಡಿಗೆ ಮೊದಲ ಸಲ ಬೈಸಿಕಲ್ಲು ಬಂದಾಗ ಅಲ್ಲಿಯ ಜನರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗುತ್ತದೆ. ಗೊತ್ತಿಲ್ಲದ ಪದವನ್ನು ಗೊತ್ತಿರುವ ಬೀಸುವ ಕಲ್ಲಿನ ಪಕ್ಕ ಕೂರಿಸಿಕೊಂಡು ಅವರು ಮುಂದೆ ಹೋದರು. ಯಾರೂ “ಬೇರೆ ಹೆಸರಿಡಿ, ಕಷ್ಟ” ಅಂತ ಅರ್ಜಿ ಹಾಕಲಿಲ್ಲ :-)

ನಾನು ಮಾಡುವುದೂ ಅದನ್ನೇ. ಮೊದಲ ಸಲ ಬಂದ ಪದವನ್ನು ಸುಮ್ಮನೆ ಬಿಟ್ಟುಬಿಡುತ್ತೇನೆ. ಎರಡನೇ ಸಲಕ್ಕೆ ಅಕ್ಕಪಕ್ಕದ ಮಾತು ನೋಡಿ ಒಂದು ಊಹೆ. ಮೂರನೇ ಸಲಕ್ಕೆ ಆ ಊಹೆ ನಿಲ್ಲುತ್ತದೆ ಇಲ್ಲವೇ ಬೀಳುತ್ತದೆ. ಆಮೇಲೆ ನಿಘಂಟು. ‘ಸಂಕ’ ಹಾಗೇ ಸಿಕ್ಕಿದ್ದು. ಯಾರೋ ಹಳ್ಳ ದಾಟುತ್ತಾರೆ, ಕಾಲು ಜಾರೀತೆಂಬ ಭಯ ಇರುತ್ತದೆ, ಕೆಳಗೆ ನೀರು ಮೊರೆಯುತ್ತಿರುತ್ತದೆ. ಮರದ ದಿಮ್ಮಿ ಅಡ್ಡ ಹಾಕಿದ ಕಾಲುಸೇತುವೆ ಅಂತ ಹೊಳೆಯೋಕೆ ಇಷ್ಟು ಸಾಕು. ಖಾತ್ರಿಗೆ ತೀರ್ಥಹಳ್ಳಿ ಕಡೆಯಿಂದ ಬಂದ ನಮ್ಮತ್ತಿಗೆಯನ್ನು ಕೇಳಿದೆ. “ಅಯ್ಯೋ ಮಾರಾಯ, ಸಂಕ ಗೊತ್ತಿಲ್ವನೋ ನಿಂಗೆ? ಮಳೆಗಾಲದಲ್ಲಿ ಅದನ್ನ ದಾಟೋಕೆ ಹೆದ್ರಿ ನಾವು ಶಾಲೆಗೇ ಹೋಗ್ತಿರ್ಲಿಲ್ಲ” ಅಂದರು. ಆಮೇಲೆ ಒಂದು ಗಂಟೆ ಅವರ ಊರಿನ ಹಳ್ಳ, ಕಾಲಿಗೆ ಹತ್ತುವ ಇಂಬಳ, ಕಳಲೆ ಪಲ್ಯ ಎಲ್ಲ ಬಂತು. ಪುಟದ ಕೆಳಗೆ ‘ಸಂಕ = ಸೇತುವೆ’ ಅಂತ ಅಚ್ಚು ಹಾಕಿದ್ದರೆ ನಾನು ಕೇಳುತ್ತಲೇ ಇರಲಿಲ್ಲ, ಅತ್ತಿಗೆ ಹೇಳುತ್ತಲೂ ಇರಲಿಲ್ಲ.

ಹಾಗಂತ ನಿಘಂಟೇ ಬೇಡ ಅಂತಲ್ಲ. ನಮಗೆ ಇರುವಷ್ಟು ಒಳ್ಳೆಯ ನಿಘಂಟುಗಳು ಎಷ್ಟು ಭಾಷೆಗಳಿಗಿವೆ? ಬಾಸೆಲ್ ಮಿಷನ್ನಿನ ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ಕಾದಂಬರಿಯ ಕಥೆ ನಡೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕಾದಂಬರಿಯೊಳಗೂ ಒಬ್ಬ ಪಾದ್ರಿ, ನಿಘಂಟಿನ ಹಿಂದೂ ಒಬ್ಬ ಪಾದ್ರಿ! ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿವೆ. ಅದಕ್ಕಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಳ್ಳುವಾಗ ನೂರೇಳು ವರ್ಷದವರು. ಅಷ್ಟು ದೊಡ್ಡ ಸಂಪುಟ ಮನೆಯಲ್ಲಿಲ್ಲ ಅನ್ನುವವರಿಗೆ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ 2019ರಿಂದ ಅಂತರಜಾಲದಲ್ಲಿ ಬಿಟ್ಟಿಯಾಗಿದೆ. ಅಂದಹಾಗೆ ಅಲರ್ ಅಂದರೆ ಹಳಗನ್ನಡದಲ್ಲಿ ಹೂವು. ಇಷ್ಟೆಲ್ಲ ಕೈಗೆಟುಕುವಲ್ಲಿ ಇಟ್ಟುಕೊಂಡು “ಪದ ಕಷ್ಟ” ಅಂದರೆ ಅದಕ್ಕೆ ಸೋಮಾರಿತನ ಅಂತಲೇ ಹೆಸರು. ಈ ಪದಕ್ಕೆ ಅರ್ಥ ಬೇಕಾಗಿಲ್ಲ ಅಂದ್ಕೊಂಡಿದ್ದೇನೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕುವೆಂಪು ಅವರಲ್ಲಿ ಎರಡು ಥರದ ಅಪರೂಪದ ಪದಗಳಿವೆ. ಒಂದು, ಮಲೆನಾಡಿನ ಮನೆ-ಗದ್ದೆ-ಕಾಡಿನವು. ಇನ್ನೊಂದು, ಸೂರ್ಯೋದಯ, ಕಾಡಿನ ವರ್ಣನೆ ಬಂದಾಗ ಸಾಲುಗಟ್ಟಿ ಬರುವ ಸಂಸ್ಕೃತದ ಸಮಾಸಗಳು. ಎರಡನೆಯವು ಕೆಲವು ಕಡೆ ಭಾರವೇ. ನನಗೂ ಅಲ್ಲಿ ಉಸಿರು ಕಟ್ಟಿದ್ದಿದೆ. ಆದರೆ ತಮಾಷೆ ನೋಡಿ, ದೂರು ಬರುವುದು ಅವುಗಳ ಮೇಲಲ್ಲ. ಸಂಸ್ಕೃತ ಪದ ಅರ್ಥವಾಗದಿದ್ದರೆ “ಗಂಭೀರ ಸಾಹಿತ್ಯ” ಅಂತ ತಲೆಬಾಗುತ್ತೇವೆ, ಗುತ್ತಿ, ಐತ, ಪೀಂಚಲು ಆಡುವ ಮಾತು ಅರ್ಥವಾಗದಿದ್ದರೆ “ತಿದ್ದಿ” ಅನ್ನುತ್ತೇವೆ. ದೇವನೂರರ ‘ಕುಸುಮಬಾಲೆ’ಯ ನಂಜನಗೂಡು ಸೀಮೆಯ ಮಾತಿನ ಬಗ್ಗೆಯೂ ಇದೇ ಗೊಣಗಾಟ ಕೇಳಿದ್ದೇನೆ. ಅಂದಮೇಲೆ ನಮ್ಮ ತಕರಾರು ಪದದ ಮೇಲಲ್ಲ, ಅದನ್ನಾಡುವ ಬಾಯಿಯ ಮೇಲೆ.

ಕೊನೆಗೆ ನಮ್ಮ ಕಡೆಯವರಿಗೂ ಒಂದು ಮಾತು. ಕಾದಂಬರಿಯಿಂದ ಪದ ಹೆಕ್ಕಿ, ಒಣಗಿಸಿ, “ಇವತ್ತಿನ ಅಪರೂಪದ ಪದ” ಅಂತ ತೋರಣ ಕಟ್ಟುವ ಚಟವೂ ಒಳ್ಳೆಯದಲ್ಲ. ಗೊರಬು ಅಂತ ಒಂದೇ ಪದ ಬರೆದರೆ ಅದು ಮ್ಯೂಸಿಯಮ್ಮಿನ ಗೊರಬು. ಯಾರು ಹಾಕಿಕೊಂಡಿದ್ದರು, ಯಾಕೆ, ಎಂಥ ಮಳೆಯಲ್ಲಿ ಅಂತಲೂ ಬರೆಯಿರಿ. ಇಲ್ಲದಿದ್ದರೆ ನಾವೂ ‘ಸರಳ’ದವರೂ ಒಂದೇ. ಅವರು ಪದ ಬಿಸಾಕಿ ಬದುಕನ್ನು ಕಳೆದರು, ನಾವು ಬದುಕು ಬಿಸಾಕಿ ಪದವನ್ನಷ್ಟೇ ಇಟ್ಟುಕೊಂಡೆವು.

ಗದ್ದೆಗಳು ಸೈಟಾಗುತ್ತಿವೆ, ಮಳೆಗೆ ಪ್ಲಾಸ್ಟಿಕ್ ಬಂದಿದೆ, ಸಂಕ ಇದ್ದಲ್ಲಿ ಸಿಮೆಂಟು ಮೋರಿ ಬಂದಿದೆ. ಬಂದದ್ದು ಒಳ್ಳೆಯದೇ, ಮಕ್ಕಳು ಶಾಲೆಗೆ ಹೋಗಲಿ. ಆದರೆ ವಸ್ತು ಹೋದ ಮೇಲೆ ಪದಕ್ಕೆ ಉಳಿದಿರುವ ಮನೆ ಅಂದರೆ ಕಾದಂಬರಿ ಒಂದೇ. ಅಲ್ಲಿಂದಲೂ ಒಕ್ಕಲೆಬ್ಬಿಸಬೇಡಿ.

ನಿಮ್ಮ ಕಡೆ ಗೊರಬಿಗೆ ಏನಂತಾರೆ? ಹಾಕಿಕೊಂಡವರು ಯಾರಾದರೂ ಮನೆಯಲ್ಲಿದ್ದರೆ ಮೊದಲು ಅವರನ್ನೇ ಕೇಳಿ. ನನಗೆ ಆಮೇಲೆ ಹೇಳುವಿರಂತೆ.