ಹಲಗೆ ನಮ್ಮದು, ಸಭೆ ಯಾರದು?



ಸರ್ಕಾರದ ಕಾಗದದಲ್ಲಿ ಒಂದು ಮಾತಿದೆ: 'ಪರಿಸರ ಸಾರ್ವಜನಿಕ ಆಲಿಕೆ'. ಹೊನವಾಡದ ಕಡೆ ಕೇರಿಗಳಲ್ಲಿ ಇದನ್ನು ಓದಿ ಹೇಳಿದರೆ ಮುದುಕರು ಕೇಳುತ್ತಾರೆ: 'ಆಲಿಕಿ ಅಂದ್ರ ಏನೋ ತಮ್ಮಾ?' ಕಿವಿಗೊಟ್ಟು ಕೇಳೋದು ಅಂತ ನಾವು ಹೇಳಿದರೆ ನಗುತ್ತಾರೆ. 'ನಮ್ಮ ಮಾತಿಗೆ ಯಾವ ಸಾಹೇಬ ಕಿವಿ ಕೊಟ್ಟಾನ?'

ಆ ನಗೆಗೆ ನಮ್ಮಲ್ಲಿ ಉತ್ತರವಿಲ್ಲ. ಅದಕ್ಕೇ ಕಾನೂನನ್ನು ಬಿಚ್ಚಿ ನೋಡಿದೆವು.

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಹೇಳುತ್ತದೆ: ಊರಿನ ಹತ್ತಿರ ದೊಡ್ಡ ಕಾರ್ಖಾನೆ, ಗಣಿ, ಕಸದ ಘಟಕ ಬರುವ ಮುಂಚೆ ಜನರನ್ನು ಕೇಳಬೇಕು. ಜಿಲ್ಲಾಧಿಕಾರಿ ಇಲ್ಲವೆ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಿಸಬೇಕು. ಪತ್ರಿಕೆ ಮುಟ್ಟದ ಊರುಗಳಲ್ಲಿ ಡಂಗುರ ಹೊಡೆಸಬೇಕು.

ಡಂಗುರ! ಈ ಒಂದು ಪದ ಓದಿ ನಾವು ಸುಮ್ಮನೆ ಕೂತೆವು. ಡಂಗುರ ಹೊಡೆಯುವವರು ಯಾರು? ಹಲಗೆ ಯಾರ ಹೆಗಲಿಗೆ ಬಿದ್ದಿದೆ? ಸಾವಿಗೆ ನಾವು, ಜಾತ್ರೆಗೆ ನಾವು, ಈಗ ಪರಿಸರ ಸಭೆಗೂ ನಾವೇ. ಸಾರಿ ಮುಗಿದ ಮೇಲೆ ಶಾಮಿಯಾನದ ಹಿಂದೆ ಬಿಸಿಲಿನಲ್ಲಿ ನಿಲ್ಲುವವರೂ ನಾವೇ. ಮುಂದಿನ ಕುರ್ಚಿ ಗೌಡರಿಗೆ, ಗುತ್ತಿಗೆದಾರರಿಗೆ, ಅವರ ಹಿಂಬಾಲಕರಿಗೆ. ಮೈಕು ನಮ್ಮ ಕೈಗೆ ಬರುವಷ್ಟರಲ್ಲಿ ಸಾಹೇಬರಿಗೆ ಊಟದ ಹೊತ್ತು.

ಇನ್ನೂ ಕೇಳಿ. ಈ ಸಭೆಗೆ ಇಷ್ಟೇ ಜನ ಇರಬೇಕೆಂಬ ಕೋರಂ ಇಲ್ಲ. ಕೇರಿಯ ಒಬ್ಬನೂ ಬಾರದಿದ್ದರೂ ಸಭೆ ಸಭೆಯೇ. ಇಲ್ಲಿ ಮತ ಹಾಕುವುದಿಲ್ಲ. ಊರಿಗೆ ಊರೇ 'ಬ್ಯಾಡ' ಅಂದರೂ ಅದು ಕಾಗದದಲ್ಲಿ 'ಅಭಿಪ್ರಾಯ' ಆಗಿ ಕೂರುತ್ತದೆ. ತೀರ್ಮಾನ ಬೇರೆಲ್ಲೋ ಆಗುತ್ತದೆ. ನೂರಾರು ಪುಟದ ವರದಿ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಸಾರಾಂಶ ಮಾತ್ರ. 2020ರಲ್ಲಿ ಈ ಅಧಿಸೂಚನೆಯನ್ನೇ ಬದಲಿಸಹೊರಟ ಕರಡು ಬಂತು. 30 ದಿನವನ್ನು 20ಕ್ಕೆ ಇಳಿಸುವ ಆ ಕರಡಿಗೆ ಜನರ ಆಕ್ಷೇಪಣೆ ಕೇಳಿದ್ದು ಇಂಗ್ಲಿಷು, ಹಿಂದಿಯಲ್ಲಿ. ಎಲ್ಲ 22 ಭಾಷೆಗೆ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ ಅಂತಿಮ ಪ್ರಕಟಣೆಗೆ ತಡೆ ಕೊಡಬೇಕಾಯಿತು. ನಮ್ಮ ಭಾಷೆಯಲ್ಲಿ ನಮ್ಮನ್ನು ಕೇಳಿ ಅನ್ನೋದಕ್ಕೂ ಕೋರ್ಟಿನ ಮೆಟ್ಟಿಲು!

ಆಲಿಸದಿದ್ದರೆ ಏನಾಗುತ್ತದೆ? ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲೆಯ ಕೂಡಗಿಯನ್ನೇ ನೋಡಿ. ವಿದ್ಯುತ್ ಸ್ಥಾವರಕ್ಕೆ ಅನುಮತಿ ಸಿಕ್ಕಿತ್ತು. ರೈತರು ಹಸಿರು ನ್ಯಾಯಮಂಡಳಿಗೆ ಹೋದರು. 2014ರ ಮಾರ್ಚ್‌ನಲ್ಲಿ ಮಂಡಳಿ ಆ ಅನುಮತಿಯನ್ನು ಮರುಪರಿಶೀಲನೆಗೆ ಕಳಿಸಿತು. ಅದೇ ವರ್ಷ ಜುಲೈ 5ರಂದು ಪ್ರತಿಭಟನೆಗೆ ನಿಂತ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ಸ್ಥಾವರ ಎದ್ದು ನಿಂತಿತು. ಹೊಲ ಇದ್ದವರ ಮಾತೇ ಹೀಗಾದರೆ ಹೊಲವೇ ಇಲ್ಲದವರ ಮಾತು?

ಇನ್ನು ಕಸದ ಮಾತು. ಅಧಿಸೂಚನೆಯ ಪಟ್ಟಿಯಲ್ಲಿ 'ಸಾಮೂಹಿಕ ಘನತ್ಯಾಜ್ಯ ಘಟಕ' ಇದೆ. 'ಕಸ ವರ್ಗಾವಣೆ ಕೇಂದ್ರ'ದ ಹೆಸರಿಲ್ಲ. ಓಣಿಯ ಆಟೋ ಟಿಪ್ಪರಿನಿಂದ ದೊಡ್ಡ ಲಾರಿಗೆ ಕಸ ಸುರಿಯುವ ಜಾಗ ಅದು. 'ಇಲ್ಲಿ ಕಸ ಇರೂದಿಲ್ರಿ, ಬಂದು ಹೋಗತೈತಿ' ಅನ್ನುತ್ತಾರೆ. ಕಸ ಹೋಗಬಹುದು. ಕೊಳೆನೀರು ಹೋಗುವುದಿಲ್ಲ, ನೊಣ ಹೋಗುವುದಿಲ್ಲ. ಬರಿಗೈಲಿ ಬಾಚುವವರೂ ಅಲ್ಲೇ ಇರುತ್ತಾರೆ.

ಬೆಂಗಳೂರಿನ ಕಸ ಮಾವಳ್ಳಿಪುರದಲ್ಲಿ ಬಿತ್ತು, ಮಂಡೂರಿನಲ್ಲಿ ಬಿತ್ತು. ಮಾವಳ್ಳಿಪುರದ ಜನ ಎದ್ದರು, 2012ರಲ್ಲಿ ನಿಂತಿತು. ಮಂಡೂರಿನವರು ಲಾರಿಗೆ ಅಡ್ಡ ನಿಂತರು, 2014ರ ಕೊನೆಗೆ ನಿಂತಿತು. ಆದರೆ ಕಸ ಮಾಯವಾಗಲಿಲ್ಲ, ಇನ್ನೊಂದು ಊರು ಹುಡುಕಿಕೊಂಡಿತು. ಆದ್ದರಿಂದ 'ನಮ್ಮೂರಿಗೆ ಬ್ಯಾಡ' ಎಂಬಷ್ಟಕ್ಕೇ ನಮ್ಮ ಹೋರಾಟ ನಿಲ್ಲಬಾರದು. ನಮ್ಮೂರು ಬೇಡ ಅಂದದ್ದು ನಮಗಿಂತ ಬಡವರ ಕೇರಿಗೆ ಹೋಗಿ ಬೀಳುತ್ತದೆ.

'ಕಸ ಎಲ್ಲಾದರೂ ಹೋಗಬೇಕಲ್ಲ?' ಅಂತ ವಿದ್ಯಾವಂತರು ಕೇಳುತ್ತಾರೆ. ಹೌದು. ಆದರೆ ಅದು ಯಾವಾಗಲೂ ಒಂದೇ ಜಾತಿಯ ಬಾಗಿಲಿಗೆ ಯಾಕೆ ಹೋಗಬೇಕು? 1970ರ ದಶಕದಲ್ಲಿ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಬಂಧುಗಳು, ಮನವಿ ಕೇಳುವವರಿಲ್ಲದೆ, ಪುರಸಭೆಯ ಮುಂದೆ ಅದೇ ಮಲವನ್ನು ಮೈಮೇಲೆ ಸುರಿದುಕೊಂಡರು. ಆಲಿಕೆ ಇಲ್ಲದ ನಾಡಿನಲ್ಲಿ ಅಹವಾಲು ಹೇಳುವ ರೀತಿ ಅದಾಯಿತು.

ನಾವು ಕೇಳುವುದು ಇಷ್ಟೆ. ವರ್ಗಾವಣೆ ಕೇಂದ್ರಕ್ಕೂ ಆಲಿಕೆ ಆಗಬೇಕು. ಸಭೆ ಕೇರಿಯಲ್ಲಿ, ಕೂಲಿಯವರು ಮನೆಗೆ ಬಂದ ಹೊತ್ತಿನಲ್ಲಿ ಆಗಬೇಕು. ಇಡೀ ವರದಿ ಕನ್ನಡದಲ್ಲಿ ಬರಬೇಕು. ಕೇರಿಯ ಹೆಣ್ಣುಮಕ್ಕಳು, ಪೌರಕಾರ್ಮಿಕರು ಇಲ್ಲದೆ ಕೋರಂ ಆಗಬಾರದು. ಅವರ 'ಬ್ಯಾಡ'ಕ್ಕೆ ತೂಕ ಇರಬೇಕು.

ಮೇಷ್ಟ್ರೆ, ನಿಮ್ಮ ಊರಿನ ಪಂಚಾಯ್ತಿ ಗೋಡೆಗೆ ಅಂಟಿಸಿದ ಕಾಗದವನ್ನು ಓದಿ ಹೇಳಿ. ತಮ್ಮಂದಿರೆ, ತಂಗಿಯರೆ, ಸಭೆ ಮುಗಿದಾಗ ನಡಾವಳಿಯನ್ನು ಅಲ್ಲೇ ನಮ್ಮ ಭಾಷೆಯಲ್ಲಿ ಓದಿ ಹೇಳಬೇಕೆಂದು ಕಾನೂನಿದೆ, ಕೇಳದೆ ಏಳಬೇಡಿ. ನಮ್ಮ ಮಾತು ಅದರಲ್ಲಿ ಇಲ್ಲವಾದರೆ ಅಲ್ಲೇ ಬರೆಸಿ.

ಸರ್ಕಾರದ ಡಂಗುರಕ್ಕೆ ಇನ್ನು ನಾವು ಹಲಗೆ ಹೊಡೆಯುವುದಿಲ್ಲ. ಹೊಡೆದರೆ ನಮ್ಮ ಕೇರಿಯನ್ನು ಎಬ್ಬಿಸಲು ಹೊಡೆಯುತ್ತೇವೆ.